ಎಂಜಿನ್ ನಿಂತ ಮೇಲೆ

ಅಣ್ಣತಮ್ಮಂದಿರ ಟ್ರ್ಯಾಕ್ಟರ್ ರಿಪೇರಿ ಅಂಗಡಿಗೆ ಅಂದು ಮೊದಲು ಬಂದವಳು ನಡುವಯಸ್ಸಿನ ರೈತ ಹೆಂಗಸು. ಅಂಗಳದಲ್ಲಿ ನಿಂತಿದ್ದ ಆಕೆಯ ಹಳೆಯ ಟ್ರ್ಯಾಕ್ಟರಿನ ಹಿಂದೆ, ಮೇಲೆತ್ತಿದ ನೇಗಿಲು ಬಿಕ್ಕಳಿಸುತ್ತಿತ್ತು: ತುಸು ಇಳಿಯುವುದು, ತಟ್ಟನೆ ಮೇಲೇರುವುದು, ಮತ್ತೆ ಇಳಿಯುವುದು.

“ನಿನ್ನೆಯಿಂದ ಇದೇ ಕುಣಿತ. ಇವತ್ತು ಹೊಲ ಉಳಲೇಬೇಕು, ಬೇಗ ನೋಡಿಕೊಡಿ,” ಎಂದಳು.

ಅಣ್ಣ ನೇಗಿಲನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ಆಯಿಲ್ ನೋಡಿದ. ಕಡಿಮೆಯಿರಲಿಲ್ಲ. “ಅಡಿಯ ಪೈಪ್ ಸಡಿಲವಾಗಿ ಗಾಳಿ ಎಳೀತಿದೆ, ಅಷ್ಟೇ. ತಮ್ಮಾ, ಎಂಜಿನ್ ನಿಲ್ಲಿಸಿ ನೇಗಿಲ ಕೆಳಗೆ ನುಸುಳಿ ನೋಡು.”

ತಮ್ಮ ಕದಲಲಿಲ್ಲ. “ಮೊದಲು ನೇಗಿಲನ್ನ ನೆಲಕ್ಕೆ ಇಳಿಸೋಣ ಅಣ್ಣ.”

“ಇಳಿಸಿದ್ರೆ ಪೈಪ್ ಹೇಗೋ ಕಾಣುತ್ತೆ?”

“ಹಾಗಾದ್ರೆ ಅಡಿಗೆ ಗಟ್ಟಿ ಆಸರೆ ಕೊಡೋಣ. ಬರೀ ಎಣ್ಣೆ ನಂಬಿ ನಾನು ಒಳಗೆ ಹೋಗಲ್ಲ.”

ಅಣ್ಣನ ಮುಖ ಕೆಂಪೇರಿತು. “ಅಪ್ಪ ನುಸುಳಿದ್ರು, ನಾನೂ ನುಸುಳಿದೆ. ನಿನ್ನೊಬ್ಬನ ಜೀವ ಮಾತ್ರ ಗಾಜಿಂದಾ? ಗಿರಾಕಿ ಎದುರು ಹೆದರಿ ನಿಂತ್ರೆ ನಾಳೆ ನಮ್ಮತ್ರ ಯಾರು ಗಾಡಿ ತರ್ತಾರೆ? ಆಗಲ್ಲ ಅಂದ್ರೆ ನಾಳೆಯಿಂದ ಅಂಗಡಿಗೆ ಕಾಲಿಡಬೇಡ.”

“ಸರಿ, ಇಡಲ್ಲ. ಆದ್ರೆ ಇವತ್ತಿನ್ನೂ ಇದ್ದೀನಲ್ಲ, ಒಂದು ಪರೀಕ್ಷೆ ಮಾಡ್ತೀನಿ.” ತಮ್ಮನ ದನಿಯಲ್ಲಿ ಅಳುಕಿರಲಿಲ್ಲ. “ಎಣ್ಣೆ ಒಳಗೇ ಎಲ್ಲೋ ಸೋರ್ತಿದೆ. ನೇಗಿಲು ಇಳಿದ ಕೂಡಲೇ ಎಂಜಿನ್ ಅದನ್ನ ಮತ್ತೆ ಎತ್ತುತ್ತೆ, ಅದೇ ಈ ಕುಣಿತ. ಎಂಜಿನ್ ನಿಂತ್ರೆ ಎತ್ತೋರು ಯಾರು?”

ಮೂಲೆಯಿಂದ ಖಾಲಿ ಆಯಿಲ್ ಡಬ್ಬವೊಂದನ್ನು ತಂದು ನೇಗಿಲಿನ ಗುಳದ ನೇರ ಕೆಳಗೆ ಅಡ್ಡ ಮಲಗಿಸಿದ. ಅಂಗಾತ ಮಲಗಿದ ಮನುಷ್ಯನ ಎದೆಯಷ್ಟು ಎತ್ತರದ ಡಬ್ಬ. ಅನಂತರ ಎಂಜಿನ್ ನಿಲ್ಲಿಸಿದ.

ನೇಗಿಲು ಅಲುಗಿದಂತೆ ಕಾಣಲಿಲ್ಲ.

“ನೋಡಿದ್ಯಾ? ಬಂಡೆ ಹಾಗೆ ನಿಂತಿದೆ,” ಎಂದು ಅಣ್ಣ ನಕ್ಕ. “ಡಬ್ಬಕ್ಕಿರೋ ಧೈರ್ಯಾನೂ ನಿನಗಿಲ್ವಲ್ಲೋ!”

ಹೆಂಗಸಿಗೂ ನಗು ಬಂತು. ತಮ್ಮ ಮಾತ್ರ ಗುಳದ ತುದಿಯಿಂದ ಕಣ್ಣು ತೆಗೆಯಲಿಲ್ಲ. ಅಣ್ಣ ಬೇಸತ್ತು ಕೈ ತೊಳೆಯಲು ನಲ್ಲಿಯ ಕಡೆಗೆ ಹೋದ. ಸೋಪಿನ ನೊರೆ ಇನ್ನೂ ಕೈಯಲ್ಲಿದ್ದಾಗಲೇ ಬೆನ್ನ ಹಿಂದೆ ತಗಡು ಮುರುಟುವ ಸದ್ದು ಕೇಳಿಸಿತು. ತಿರುಗಿ ನೋಡಿದ. ನೇಗಿಲು ಆತುರವಿಲ್ಲದೆ ಇಳಿಯುತ್ತಿತ್ತು. ಡಬ್ಬದ ನಡು ಕುಸಿಯಿತು, ಸೀಳಿತು, ಕೊನೆಗೆ ನೆಲಕ್ಕೆ ಅಂಟಿಕೊಂಡಿತು.

ಅಣ್ಣನ ಒದ್ದೆ ಕೈ ಅವನಿಗರಿವಿಲ್ಲದೆಯೇ ಎದೆಯ ಮೇಲೆ ಹೋಗಿ ನಿಂತಿತು.

“ಅಯ್ಯೋ,” ಎಂದಳು ಹೆಂಗಸು ಮೆಲ್ಲಗೆ. “ಗುಳಕ್ಕೆ ಸಿಕ್ಕಿದ ಹುಲ್ಲು ಬಿಡಿಸೋಕೆ ನಾನು ದಿನಾ ಅದರಡಿ ಕೂರ್ತಿದ್ದೆ.”

ತಮ್ಮ ಬೀಗಲಿಲ್ಲ. “ಎತ್ತೋ ಶಕ್ತಿ ಇದೆ, ಹಿಡಿದಿಡೋ ಶಕ್ತಿ ಇಲ್ಲ. ಹಾಗಾಗಿ ಪಂಪ್ ಕೆಟ್ಟಿಲ್ಲಮ್ಮ. ಲಿಫ್ಟ್ ಸಿಲಿಂಡರಿನಲ್ಲಿ ಎಣ್ಣೆ ತಡೆಯೋ ಸೀಲ್ ಸವೆದಿರಬೇಕು, ಬಿಚ್ಚಿ ನೋಡ್ತೀನಿ. ಉಳುಮೆ ನಾಳೆಗೆ ಇಟ್ಕೊಳ್ಳಿ.”

“ನಾಡಿದ್ದಾದ್ರೂ ಸರಿಯಪ್ಪ,” ಎಂದಳಾಕೆ.

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಟ್ರ್ಯಾಕ್ಟರ್ ಅಂಗಳಕ್ಕೆ ನುಗ್ಗಿತು. ಅದರ ಟಿಪ್ಪರ್ ಟ್ರೇಲರಿನ ತೊಟ್ಟಿ ಮೇಲೆದ್ದು ಆಕಾಶ ನೋಡುತ್ತಿತ್ತು. ಚಾಲಕ ಕೆಳಗೆ ಹಾರಿ, “ಅಣ್ಣಾ, ಅಡಿಯಲ್ಲಿ ಎಣ್ಣೆ ತೊಟ್ಟಿಕ್ತಿದೆ, ಬನ್ನಿ ತೋರಿಸ್ತೀನಿ,” ಎನ್ನುತ್ತ ತೊಟ್ಟಿಯ ಕೆಳಗೆ ಬಗ್ಗಿದ.

ಅಣ್ಣ ಓಡಿಹೋಗಿ ಅವನ ರಟ್ಟೆ ಹಿಡಿದು ಹೊರಗೆಳೆದ.

“ಮೊದಲು ತೊಟ್ಟಿ ಇಳಿಸಯ್ಯ, ಆಮೇಲೆ ಮಾತು.”

“ಇದ್ಯಾವ ಹೊಸ ಪದ್ಧತಿ ಅಣ್ಣಾ? ಹೋದ ಸಲ ನೀವೇ ಒಳಗೆ ನುಸುಳಿದ್ರಲ್ಲ!”

ಅಣ್ಣ ತಮ್ಮನ ಕಡೆ ನೋಡಲಿಲ್ಲ. ಆದರೆ ಅವನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ:

“ನಮ್ಮ ಅಂಗಡಿಯಲ್ಲಿ ಇನ್ನು ಹೀಗೇ.”