ಏರುದಾರಿಯ ಪೆಟ್ಟು

ಜಕಾರ್ತಾದಿಂದ ಹಾಡು ಮಿಕ್ಸ್ ಆಗಿ ಬಂದ ದಿನ ಲಿಲಿಸ್ ಯಾರನ್ನಾದರೂ ಹೊಡೆದೇಬಿಡುತ್ತಿದ್ದಳು. ವ್ಯಾನಿನಲ್ಲಿ ಪಕ್ಕ ಕೂತಿದ್ದದ್ದು ಮಡಿಲ ತುಂಬ ಮೂಲಂಗಿ ಇಟ್ಟುಕೊಂಡ, ದಿನಾ ಸಂತೆಗೆ ಹೋಗುವ ಅಜ್ಜಿಯಾದ್ದರಿಂದ ಕೈ ಬಿಗಿಹಿಡಿದು ಕೂತಳು.

ಅವಳ ಬ್ಯಾಂಡಿನವರು ಹೊಸ ಹಾಡನ್ನು ಮೊದಲು ಕೇಳುತ್ತಿದ್ದದ್ದು ಅಂಗ್ಕೋತ್ ವ್ಯಾನಿನಲ್ಲಿ. ಇಂಜಿನ್ನು ಗೊರಗುಟ್ಟುತ್ತಿರಬೇಕು, ಕಿಟಕಿ ಅದುರುತ್ತಿರಬೇಕು, ಜನ ಚಿಲ್ಲರೆಗೆ ಜಗಳಾಡುತ್ತ ಹತ್ತಿಳಿಯುತ್ತಿರಬೇಕು. ಅಷ್ಟರ ನಡುವೆಯೂ ಕಿವಿಗೆ ಬಿದ್ದರೆ ಅದು ಹಾಡು, ಇಲ್ಲವಾದರೆ ಮನೆಗೆ ಹೋಗಿ ಮತ್ತೆ ಬಾರಿಸು. ಬಾಂದುಂಗಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಅವರಿಗಂತೂ ಇದು ಪುಕ್ಕಟೆ. ಗಿಟಾರ್ ಬಾರಿಸುವ ದೇದೇನ್ ಹಗಲೆಲ್ಲ ಓಡಿಸುತ್ತಿದ್ದದ್ದೇ ಲೆಂಬಾಂಗಿನ ಕಡೆ ಹೋಗುವ ಅಂಗ್ಕೋತ್.

ಹಾಡು ಹುಟ್ಟಿದ್ದೂ ಆ ವ್ಯಾನಿನಲ್ಲೇ. ಲೆಂಬಾಂಗಿನ ಏರಿನಲ್ಲಿ ತುಂಬಿದ ಗಾಡಿ ಒಮ್ಮೆ ನಿಂತುಬಿಡುತ್ತದೆ, ಗೇಣುದ್ದ ಹಿಂದೆ ಜಾರುತ್ತದೆ, ಒಳಗಿದ್ದವರ ಜೀವ ಬಾಯಿಗೆ ಬರುತ್ತದೆ, ಆಮೇಲೆ ಗಕ್ಕನೆ ಹಿಡಿದು ಮೇಲೇರುತ್ತದೆ. ಹಾಡಿನಲ್ಲಿಯೂ ಹಾಗೇ. ಎಲ್ಲ ನಿಲ್ಲುತ್ತದೆ. ಡ್ರಮ್ಮಿನ ಹಿಂದೆ ಕೂತ ಲಿಲಿಸ್ ಬಲಗೈ ಕೋಲನ್ನು ಮೇಲೆತ್ತಿ ಹಿಡಿಯುತ್ತಾಳೆ. ಹಾಡುವ ಅಂಜಾರ್ ಹಿಂತಿರುಗಿ ಆ ಕೋಲನ್ನೇ ನೋಡುತ್ತಾನೆ. ಇನ್ನೇನು ಗಾಡಿ ಹಳ್ಳಕ್ಕೆ ಬಿತ್ತು ಅನ್ನುವಾಗ ಅವಳು ಹೊಡೆಯುತ್ತಾಳೆ, ಇವನು ಬಾಯಿ ತೆರೆಯುತ್ತಾನೆ. ಶಾಲೆ ಬಿಟ್ಟ ಕಾಲದಿಂದಲೂ ಇಬ್ಬರದೂ ಇದೇ ಲೆಕ್ಕ.

ಜಕಾರ್ತಾದಿಂದ ಬಂದ ಸಿಡಿಯಲ್ಲಿ ಗಾಡಿ ನಿಲ್ಲಲೇ ಇಲ್ಲ. ಏರೆಂಬುದೇ ಇಲ್ಲವೆನ್ನುವಂತೆ ಸಲೀಸಾಗಿ ಹೋಗಿಬಿಟ್ಟಿತು. ಡ್ರಮ್ಮು ಹೊಲಿಗೆ ಮೆಷಿನ್ನಿನ ಹಾಗೆ ತಪ್ಪದೆ ಬಡಿಯುತ್ತಿತ್ತು. ಸದ್ದೂ ಅವಳ ಹಳೆಯ ಡ್ರಮ್ಮಿನ ಒರಟು ಸದ್ದಲ್ಲ. ಯಾವುದೋ ದೊಡ್ಡ ಖಾಲಿ ಸಭಾಂಗಣದಲ್ಲಿ ಯಾರೋ ಹೊಡೆದಂತಿತ್ತು.

"ಚೆನ್ನಾಗಿದೆಯಲ್ಲೇ," ಅಂದ ಅಂಜಾರ್, ಕಿಟಕಿಯ ಆಚೆ ನೋಡುತ್ತ.

"ಯಾರು ಹೊಡ್ದಿರೋದು ಇದನ್ನ?"

"ನೀನೇ ಅಲ್ವಾ?"

"ನನ್ನ ಕಿವಿಗೆ ಹೂ ಇಡಬೇಡ ಅಂಜಾರ್. ನನ್ನ ಕೈ ನಂಗೆ ಗೊತ್ತಿಲ್ವಾ?"

ದೇದೇನ್ ಮುಂದಿನಿಂದಲೇ ಹೇಳಿದ, "ನನ್ನ ಗಿಟಾರೂ ಎಲ್ಲೋ ಹಿತ್ತಲಲ್ಲಿ ಬಾರಿಸಿದಂಗಿದೆ ಕಣಮ್ಮ. ಆದ್ರೂ ನಂದು ಅಂತ ಗುರುತು ಸಿಗುತ್ತೆ. ನಿಂದು ಸಿಗಲ್ಲ."

"ಈ ಸಲದ್ದು ವಾಸಿ," ಅಂದಳು ಅಜ್ಜಿ. "ತಲೆನೋವು ಬರ್ಲಿಲ್ಲ."

ಲಿಲಿಸ್‌ಗೆ ಮೈಯೆಲ್ಲ ಉರಿದುಹೋಯಿತು. ದೇಶಕ್ಕೆಲ್ಲ ಕೇಳಿಸಲಿರುವ ಅವರ ಮೊದಲ ಹಾಡು ಅದು. ಅದರಲ್ಲಿ ಅವಳ ಕೈಯೇ ಇರಲಿಲ್ಲ. ಹೆಸರು ಮಾತ್ರ ಸಿಡಿಯ ಹೊದಿಕೆಯ ಮೇಲೆ, ಅದೂ ಕೊನೆಯಲ್ಲಿ.

ಮರುದಿನ ಬೆಳಗಿನ ರೈಲು ಹಿಡಿದು ಜಕಾರ್ತಾಕ್ಕೆ ಹೋದಳು. ನಿರ್ಮಾಪಕ ಬ್ರಾಮ್ ಒಳ್ಳೆಯ ಮಾತಿನವನು. ಟೀ ತರಿಸಿದ. ಕುರ್ಚಿ ಎಳೆದುಕೊಟ್ಟ. ಜಗಳಕ್ಕೆಂದು ಹೋದವರಿಗೆ ಇಂಥವರಷ್ಟು ಸಿಟ್ಟು ತರಿಸುವವರು ಇನ್ನಿಲ್ಲ.

"ಮಾಸ್," ಅಂದಳು, ಅಣ್ಣ ಅನ್ನುವ ಹಾಗೆ, "ನನ್ನ ಡ್ರಮ್ಮು ಎಲ್ಲಿ ಹೋಯ್ತು?"

ಅವನು ಕಂಪ್ಯೂಟರಿನ ಪರದೆ ತೋರಿಸಿದ. "ಇಲ್ನೋಡು. ಪೆಟ್ಟು ಈ ಗೆರೆಗಳ ಮೇಲೆ ಕೂರ್ಬೇಕು. ನಿಂದು ಪ್ರತಿಯೊಂದೂ ಸ್ವಲ್ಪ ಹಿಂದೆ ಬಿದ್ದಿತ್ತು. ಎಳೆದು ಕೂರಿಸ್ದೆ."

"ಸದ್ದು?"

"ನಿನ್ನ ಡ್ರಮ್ಮಿಗೆ ನೆಗಡಿ ಬಂದಂಗಿತ್ತು. ನನ್ನ ಹತ್ರ ಒಂದು ಒಳ್ಳೇ ಪೆಟ್ಟು ಇತ್ತು, ಎಲ್ಲಾ ಕಡೆ ಅದನ್ನೇ ಇಟ್ಟೆ."

"ಒಂದೇ ಪೆಟ್ಟನ್ನ? ಹಾಡು ಪೂರ್ತಿ?"

"ಒಂದೇ."

"ಹಂಗಾದ್ರೆ ನಾನ್ ಮಾಡಿದ್ದೇನು?"

"ಎಲ್ಲಿ ಹೊಡೀಬೇಕು ಅಂತ ತೋರಿಸ್ಕೊಟ್ಟೆ," ಅಂದ ಬ್ರಾಮ್, ನಗುತ್ತ. "ಅದೂ ಸ್ವಲ್ಪ ತಡವಾಗಿ."

ಲಿಲಿಸ್ ಲೋಟದ ಟೀಯನ್ನು ಅವನ ಯಂತ್ರದ ಮೇಲೆ ಸುರಿಯಬೇಕೆಂದುಕೊಂಡಳು. ಸುರಿಯಲಿಲ್ಲ. ಸುರಿಯಬೇಕಿತ್ತು.

"ಆ ನಿಲ್ಲೋ ಜಾಗನಾದ್ರೂ ವಾಪಸ್ ಕೊಡಿ ಮಾಸ್. ಹಾಡಿರೋದೇ ಅಲ್ಲಿ."

"ರೇಡಿಯೋದಲ್ಲಿ ಸದ್ದು ನಿಂತ್ರೆ ಜನ ಬೇರೆ ಸ್ಟೇಷನ್ನಿಗೆ ಹೋಗ್ತಾರಮ್ಮ. ಹಾಡೋನ ದನಿ ಮುಂದೆ ಬರ್ಬೇಕು ಅಂದ್ರೆ ಮಿಕ್ಕೋರು ಹಿಂದೆ ಸರೀಬೇಕು. ನಾನೇನು ಕದ್ದು ಮಾಡಿಲ್ಲ. ಅಂಜಾರ್ ಇಲ್ಲೇ ಪಕ್ಕದಲ್ಲಿ ಕೂತಿದ್ದ. ಅವನನ್ನ ಕೇಳ್ಕೊಂಡೇ ಕತ್ತರಿಸಿದ್ದು."

ರೈಲಿನಲ್ಲಿ ವಾಪಸು ಬರುವಾಗ ಅವಳಿಗೆ ಬ್ರಾಮನ ಮೇಲಿನ ಸಿಟ್ಟು ಅರ್ಧ ಇಳಿದಿತ್ತು. ಅವನು ಹೊರಗಿನವನು, ತನ್ನ ಕಸುಬು ಮಾಡಿದ. ಅಂಜಾರ್? ಪಕ್ಕದಲ್ಲೇ ಕೂತು ಬೆನ್ನಿಗೆ ಚೂರಿ ಹಾಕಿಸಿದ್ದನಲ್ಲ.

ಮನೆಯಲ್ಲಿ ಅಪ್ಪ ಓಮಾನ್ ಲವಂಗದ ಸಿಗರೇಟು ಆರಿದ್ದನ್ನೂ ಮರೆತು ಸಿಡಿ ಕೇಳಿದರು. ಜೈಪೊಂಗ್ ಕುಣಿತಕ್ಕೆ ಕೆಂದಾಂಗ್ ಮದ್ದಳೆ ಬಾರಿಸುತ್ತ ಮುದುಕರಾದವರು. ಕುಣಿಯುವವಳ ಕಾಲು ನೆಲ ಮುಟ್ಟುವ ಮುಂಚೆ ಹೊಡೆದರೆ ಅವಳಿಗೆ ಅವಮಾನ ಮಾಡಿದ ಹಾಗೆ ಎಂದು ಚಿಕ್ಕಂದಿನಲ್ಲಿ ಮಗಳ ಕೈಗೆ ಬಡಿದು ಕಲಿಸಿದವರು. ಬ್ರಾಮನ ಗೆರೆಗಿಂತ ಹಿಂದೆ ಬಿದ್ದದ್ದು ಆ ಕಲಿಕೆಯೇ.

"ಕೈ ಶುದ್ಧವಾಗಿದೆ ನೆಂಗ್," ಅಂದರು ಮಗಳಿಗೆ. "ಆದ್ರೆ ಇವನು ಯಾರನ್ನ ನೋಡ್ಕೊಂಡು ಬಾರಿಸ್ತಿದಾನೆ?"

"ಯಾರನ್ನೂ ಇಲ್ಲ ಅಬಾಹ್."

"ಅಯ್ಯೋ ಪಾಪ. ಹಂಗಾದ್ರೆ ಕುಣಿಯೋರ ಗತಿ?"

ಹಾಡು ಗೆದ್ದಿತು. ಅದೇ ಹೊಟ್ಟೆ ಉರಿಸುವ ವಿಷಯ. ಮಾರುಕಟ್ಟೆಯಲ್ಲಿ, ಬೇರೆಯವರ ಅಂಗ್ಕೋತಿನಲ್ಲಿ, ಬಾಲಾ-ಬಾಲಾ ಬಜ್ಜಿ ಕರಿಯುವ ಗಾಡಿಯಲ್ಲಿ, ಎಲ್ಲ ಕಡೆ ಅಂಜಾರನ ದನಿ. ಒಂದು ಕಾಲೇಜಿನಲ್ಲಿ ಬಾರಿಸಿ ಇಳಿಯುವಾಗ ಹುಡುಗಿಯೊಬ್ಬಳು ಬಂದು, "ಅಕ್ಕ, ಇವತ್ತು ಹುಷಾರಿರ್ಲಿಲ್ವಾ? ಸಿಡಿಯಲ್ಲಿ ಚೆನ್ನಾಗಿ ಹೊಡೀತೀರ," ಅಂದಳು. ಪಾಪ, ಕಾಳಜಿಯಿಂದಲೇ ಅಂದಳು. ಲಿಲಿಸ್ ಅಂಜಾರನ ಕಡೆ ತಿರುಗಿದಳು.

"ಕೇಳಿಸ್ತಾ?"

"ಈಗ ಏನ್ ಮಾಡು ಅಂತೀಯ? ಎಲ್ರಿಗೂ ಊಟ ಸಿಗ್ತಿದೆ. ನೀನೊಬ್ಳು ಮಾತ್ರ ಮೂತಿ ಉಬ್ಬಿಸ್ಕೊಂಡು ಓಡಾಡ್ತಿದೀಯ."

"ನಿನ್ನ ದನಿ ತೆಗೆದು ಬೇರೆಯೋನ್ ದನಿ ಹಾಕಿದ್ರೆ ನೀನು ಊಟ ಮಾಡ್ತಿದ್ಯಾ?"

"ದನಿ ಬೇರೆ ಕಣೇ, ಡ್ರಮ್ಮು ಬೇರೆ," ಅಂದ ಅಂಜಾರ್. ಅಂದಮೇಲೆ ತುಟಿ ಕಚ್ಚಿಕೊಂಡ. ಆಡಿದ್ದು ಆಡಿಯಾಗಿತ್ತು.

ಆಮೇಲೆ ಟೀವಿಯವರು ಕರೆದರು, ಬೆಳಗಿನ ಹಾಡಿನ ಕಾರ್ಯಕ್ರಮಕ್ಕೆ. ಅಲ್ಲಿ ಯಾರೂ ನಿಜವಾಗಿ ಬಾರಿಸುವುದಿಲ್ಲ. ಸಿಡಿ ಹಾಕುತ್ತಾರೆ, ಬ್ಯಾಂಡಿನವರು ಮುಂದೆ ನಿಂತು ಕೈಬಾಯಿ ಆಡಿಸುತ್ತಾರೆ. ದೇದೇನನ ಗಿಟಾರಿಗೆ ವೈರು ಕೂಡ ಇರಲಿಲ್ಲ. ಲಿಲಿಸ್‌ಳ ಡ್ರಮ್ಮುಗಳ ಮೇಲೆ ಸದ್ದಾಗದಂತೆ ದಪ್ಪ ಬಟ್ಟೆ ಹೊದಿಸಿದ್ದರು, ಸತ್ತವರಿಗೆ ಹೊದಿಸಿದ ಹಾಗೆ. ಹೊದಿಸಿದವನು, "ಜೋರಾಗಿ ಹೊಡೆಯೋ ಥರ ಮಾಡಿ, ನಗ್ತಾ ಇರಿ," ಎಂದು ಬುದ್ಧಿ ಬೇರೆ ಹೇಳಿದ.

ಅವಳು ಮೊದಲ ಚರಣ ಕೈ ಆಡಿಸಿದಳು. ಊರಿನಲ್ಲಿ ಅಪ್ಪ ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡು ಟೀವಿ ಮುಂದೆ ಕೂತಿರುತ್ತಾರೆ. ಅವರೆದುರು ತಾನು ಗಾಳಿಯಲ್ಲಿ ಕೈ ಬೀಸುತ್ತಿದ್ದೇನೆ, ಯಾರದೋ ಪೆಟ್ಟಿಗೆ. ಅದು ನೆನಪಾದದ್ದೇ ತಡ, ಅವಳ ಕೈ ನಿಂತುಹೋಯಿತು. ಕೋಲುಗಳನ್ನು ಮಡಿಲಲ್ಲಿಟ್ಟು ಕೈ ಕಟ್ಟಿ ಕೂತಳು.

ಡ್ರಮ್ಮು ತನ್ನಷ್ಟಕ್ಕೆ ಬಡಿಯುತ್ತಲೇ ಇತ್ತು.

ಕ್ಯಾಮರಾದ ಹಿಂದೆ ಒಬ್ಬ ಕೈಸನ್ನೆ ಮಾಡಿದ, ಆಮೇಲೆ ಕೈಮುಗಿದ, ಆಮೇಲೆ ಹಲ್ಲು ಕಡಿದ. ಅಂಜಾರನಿಗೆ ಅವಳು ಬೆನ್ನ ಹಿಂದೆ. ಗೊತ್ತಾಗಲಿಲ್ಲ. ಕಣ್ಣುಮುಚ್ಚಿ ಹಾಡುವವನಂತೆ ನಟಿಸುತ್ತಿದ್ದ. ಹಾಡಿನಲ್ಲಿ ಏರಿನ ಜಾಗ ಬಂತು. ಮೈಗೆ ಹತ್ತಿದ ಅಭ್ಯಾಸ ಎಲ್ಲಿ ಹೋಗುತ್ತದೆ, ಬಾಯಿ ಮುಚ್ಚಿ ಹಿಂತಿರುಗಿ ಅವಳ ಬಲಗೈ ನೋಡಿದ. ಆ ಕೈ ಏಳಲಿಲ್ಲ. ಅವನು ಕಾದ. ಅವನ ದನಿ ಕಾಯಲಿಲ್ಲ. ಅದು ಆಗಲೇ ಮುಂದಿನ ಸಾಲು ಹಾಡುತ್ತಿತ್ತು, ಇವನು ಬಾಯಿ ಮುಚ್ಚಿಕೊಂಡು ನಿಂತಿದ್ದ, ದೇಶವೆಲ್ಲ ನೋಡುತ್ತಿತ್ತು.

ಆಗ ಲಿಲಿಸ್ ಬಟ್ಟೆ ಕಿತ್ತೆಸೆದಳು. ಕೋಲೆತ್ತಿದಳು, ಹಿಡಿದಳು, ತನಗೆ ಬೇಕಾದಷ್ಟು ಹೊತ್ತು ಹಿಡಿದಳು, ಹೊಡೆದಳು. ಆ ಪೆಟ್ಟಿಗೆ ಅಂಜಾರನ ಬಾಯಿ ತಾನಾಗಿ ತೆರೆಯಿತು.

ಟೀವಿಯಲ್ಲಿ ತಟ್ಟನೆ ಸೋಪಿನ ಜಾಹೀರಾತು ಬಂತು.

ವೇದಿಕೆಯ ಹಿಂದೆ ಅಂಜಾರ್ ಅವಳ ದಾರಿಗೆ ಅಡ್ಡ ನಿಂತ. "ಮಾನ ಕಳೆದ್ಯಲ್ಲೇ. ಊರ ಮುಂದೆ ನನ್ನನ್ನ ಮಂಗ ಮಾಡ್ದೆ."

"ನಾನ್ ಏನ್ ಮಾಡ್ದೆ? ಸುಮ್ನೆ ಕೂತಿದ್ದೆ," ಅಂದಳು ಲಿಲಿಸ್. "ಡ್ರಮ್ಮು ಸಿಡಿಯಲ್ಲಿ ಇತ್ತಲ್ಲ, ಗೆರೆ ಮೇಲೆ, ಶುದ್ಧವಾಗಿ. ಹಾಡ್ಕೊಂಡು ಹೋಗ್ಬೇಕಿತ್ತು. ಹಿಂತಿರುಗಿ ಯಾರಿಗೆ ಕಾಯ್ತಿದ್ದೆ?"

ದೇದೇನ್ ವೈರಿಲ್ಲದ ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದ. ಅವಳು ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ನಿಂತೇ ಇದ್ದಳು, ಉತ್ತರಕ್ಕೆ.