ಕಿಟಕಿ ಕೆನ್ನೆ

ಆ ಬೆಳಿಗ್ಗೆ ಆಕಾಶ ಒಂದೇ ಸಮ ಬೆಳ್ಳಗಿತ್ತು. ಮೋಡವೆಂದರೆ ಮೋಡವಲ್ಲ, ಬಿಸಿಲೆಂದರೆ ಬಿಸಿಲಲ್ಲ; ಬೀದಿಯಲ್ಲಿ ನಡೆಯುವವರ ಕಾಲಬುಡದಲ್ಲಿ ನೆರಳೇ ಇರಲಿಲ್ಲ. ಗಾಳಿಯೂ ಎಲ್ಲೋ ಕೂತು ಸುಧಾರಿಸಿಕೊಳ್ಳುತ್ತಿದ್ದಂತಿತ್ತು. ಇಂಥ ದಿನ ದೇವರು ಯಾವ ಮುಖಕ್ಕೂ ಹೆಚ್ಚು ಕಡಿಮೆ ಮಾಡದೆ ಬೆಳಕು ಬಡಿಸುತ್ತಾನೆ.

ತಾಯಿ ಮುಂದೆ, ಇಬ್ಬರು ಹೆಣ್ಣುಮಕ್ಕಳು ಹಿಂದೆ, ಮೂವರೂ ಚರ್ಮದ ಕ್ಲಿನಿಕ್ಕಿನ ಕಡೆ ನಡೆಯುತ್ತಿದ್ದರು. ಕಿರಿಮಗಳು ಅಲ್ಲಿ ಎಂಟು ವರ್ಷದಿಂದ ಫೋಟೋ ತೆಗೆಯುವವಳು: ಚಿಕಿತ್ಸೆಗೆ ಮೊದಲಿನ ಮುಖ, ಚಿಕಿತ್ಸೆಯ ನಂತರದ ಮುಖ. ಹಿರಿಮಗಳು ಎರಡು ಬೀದಿ ಆಚೆ, ಮನೆಯಲ್ಲೇ ಮುಖ ತಿದ್ದಿಕೊಳ್ಳುವ ಯಂತ್ರಗಳ ಅಂಗಡಿಯಲ್ಲಿ ಮಾರಾಟಗಾರ್ತಿ. ತಾಯಿ ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತಳಾದವಳು. ಪ್ರಯಾಣಿಕರು ಇಟ್ಟ ಹೆಸರು ಸ್ಟೇರಿಂಗಮ್ಮ.

ಅಷ್ಟು ವರ್ಷವೂ ಡ್ರೈವರ್ ಕಿಟಕಿಯ ಬಿಸಿಲು ಅವಳ ಒಂದೇ ಕೆನ್ನೆಗೆ ಬಿದ್ದಿತ್ತು. ಆ ಕಡೆ ಕಂದು ಕಲೆಗಳು, ಕಣ್ಣಂಚಿನಿಂದ ಕಿವಿಯವರೆಗೆ ಉತ್ತ ಹೊಲದಂಥ ಗೆರೆಗಳು. ಬಸ್ಸಿನ ಒಳಮುಖವಾಗಿದ್ದ ಕೆನ್ನೆಯಲ್ಲೂ ಕಲೆಗಳಿದ್ದವು, ಆದರೆ ಅದು ಹತ್ತು ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ಮನೆಯಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು: ಕಿಟಕಿ ಕೆನ್ನೆ, ಪ್ಯಾಸೆಂಜರ್ ಕೆನ್ನೆ.

ಇದೆಲ್ಲ ಶುರುವಾದದ್ದು ಹನ್ನೆರಡು ವಾರದ ಹಿಂದೆ, ಊಟದ ಹೊತ್ತಿನ ಒಂದು ಜಗಳದಿಂದ.

"ನಿಮ್ಮ ಕ್ಲಿನಿಕ್ಕಲ್ಲಿ ಮುಖ ಸುಟ್ಟು ಕೆಂಪಗೆ ಮಾಡಿ ಒಂದು ವಾರ ಮನೇಲಿ ಕೂರಿಸ್ತೀರಿ," ಎಂದಿದ್ದಳು ಅಕ್ಕ. "ಮುಖಕ್ಕೆ ಬೆಳಕು ಬಿಡೋ ನನ್ನ ಮಾಸ್ಕ್ ಹಾಕ್ಕೊಂಡು ಆರಾಮಾಗಿ ಬಟ್ಟೆ ಮಡಚಬಹುದು."

"ಹೌದಕ್ಕ. ಬಟ್ಟೆ ಮಡಚ್ತಾ ಮಡಚ್ತಾ ಮುದುಕಿನೂ ಆಗಬಹುದು."

"ಲೇ, ನಾಲಿಗೆ ಉದ್ದ ಆಯ್ತು ನಿಂದು!"

ತಾಯಿ ತಟ್ಟೆಯಿಂದ ಕಣ್ಣೆತ್ತಿದಳು. "ಯಾಕ್ರೇ ಕಿತ್ತಾಡ್ತೀರಿ? ನನ್ನ ಹತ್ರ ಎರಡು ಕೆನ್ನೆ ಇದಾವೆ. ಒಂದೊಂದು ತಗೊಳ್ಳಿ."

ಕಿರಿಮಗಳು ನಗುತ್ತಾ ಇದನ್ನು ಕ್ಲಿನಿಕ್ಕಿನ ಡಾಕ್ಟರಿಗೆ ಹೇಳಿದಳು. ಡಾಕ್ಟರು ನಗಲಿಲ್ಲ. ಮನೆಯ ಯಂತ್ರಕ್ಕೂ ಕ್ಲಿನಿಕ್ಕಿನ ಲೇಸರಿಗೂ ಏನು ವ್ಯತ್ಯಾಸ ಎಂದು ಬಂದವರೆಲ್ಲ ಕೇಳುತ್ತಿದ್ದ ಕಾಲ ಅದು. ಒಂದೇ ಮುಖ, ಒಂದೇ ವಯಸ್ಸು, ಒಂದೇ ಊಟ ನಿದ್ದೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿ ಸಿಕ್ಕೀತು? ಯಾವ ಕೆನ್ನೆ ಯಾರಿಗೆ ಎಂದಾಗ ಅಕ್ಕ ಎದೆ ಸೆಟೆಸಿ, "ಕಷ್ಟದ್ದು ನನಗೇ ಕೊಡಿ," ಎಂದಳು. ಡಾಕ್ಟರು ತಡಮಾಡದೆ ಒಪ್ಪಿಕೊಂಡರು. ಹಾಗೆ ಕಿಟಕಿ ಕೆನ್ನೆ ಮಾಸ್ಕಿನ ಪಾಲಾಯಿತು, ಪ್ಯಾಸೆಂಜರ್ ಕೆನ್ನೆ ಲೇಸರಿನ ಪಾಲಾಯಿತು. ಅಕ್ಕ ಮಾಸ್ಕಿನ ಅರ್ಧಕ್ಕೆ ಒಳಗಿನಿಂದ ಕಪ್ಪು ಬಟ್ಟೆ ಸಿಕ್ಕಿಸಿ, "ಅಮ್ಮಾ, ದಿನಾ ಹತ್ತು ನಿಮಿಷ," ಎಂದು ಕೊಟ್ಟಳು. ಕ್ಲಿನಿಕ್ಕಿನಲ್ಲಿ ನಾಲ್ಕು ವಾರಕ್ಕೊಮ್ಮೆ ಲೇಸರ್, ಒಟ್ಟು ಮೂರು ಸಲ.

ಇವತ್ತು ಮಧ್ಯಾಹ್ನ ಚರ್ಮದ ಡಾಕ್ಟರುಗಳ ಸಭೆ. ಅಲ್ಲಿ ಪರದೆಯ ಮೇಲೆ ಈ ಮುಖವನ್ನು ತೋರಿಸುವುದು ಎಂದು ತೀರ್ಮಾನವಾಗಿತ್ತು. ಫೋಟೋದ ಕೆಳಗೆ, ಎಂಟು ವರ್ಷದಲ್ಲಿ ಮೊದಲ ಸಲ, ತೆಗೆದವಳ ಹೆಸರಿರುತ್ತಿತ್ತು. ಅವಳು ತೆಗೆದ ಮುಖಗಳು ಗೋಡೆ ಹತ್ತಿದ್ದವು, ಪುಸ್ತಕ ಸೇರಿದ್ದವು. ಹೆಸರು ಮಾತ್ರ ಎಲ್ಲೂ ಸೇರಿರಲಿಲ್ಲ. ಸಭೆಗೆಂದು ಡಾಕ್ಟರು ತಯಾರು ಮಾಡಿದ್ದ ಹಾಳೆಯಲ್ಲಿ ತನ್ನ ಹೆಸರನ್ನು ಅವಳು ಯಾರೂ ಇಲ್ಲದಾಗ ಮೂರು ಸಲ ಓದಿಕೊಂಡಿದ್ದಳು, ಬೇರೆ ಯಾರದೋ ಹೆಸರು ಎಂಬಂತೆ.

ಅವಳದು ಚಿಕ್ಕ ಕೋಣೆ. ಕಿಟಕಿಗೆ ದಪ್ಪ ಪರದೆ, ಎರಡು ದೀಪ, ನೆಲದಲ್ಲಿ ಬಣ್ಣದಿಂದ ಗುರುತು ಹಾಕಿದ ಜಾಗದಲ್ಲಿ ಒಂದು ಸ್ಟೂಲು. ಮೊದಲ ದಿನ ಯಾವ ಬೆಳಕಿತ್ತೋ ಕೊನೆಯ ದಿನವೂ ಅದೇ. ಮೊದಲ ದಿನ ನಗದವರು ಕೊನೆಯ ದಿನವೂ ನಗುವ ಹಾಗಿಲ್ಲ. ನಕ್ಕರೆ ಕೆನ್ನೆ ಮೇಲೆದ್ದು ಚಿಕಿತ್ಸೆ ಮಾಡದ ಕೆಲಸವನ್ನೂ ಮಾಡಿದೆ ಅನ್ನಿಸಿಬಿಡುತ್ತದೆ. ಗದ್ದದ ಕೆಳಗೆ ಹಿಡಿಯಲು ಒಂದು ಸ್ಲೇಟು. ಮುಖಕ್ಕೆ ಏನೇನು ಮಾಡಲಾಯಿತೋ ಅದನ್ನು ಬಳಪದಲ್ಲಿ ಬರೆದು, ಕೂತವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಅವರು ಬಾಯಿಬಿಟ್ಟು "ಹೌದು" ಎನ್ನುವವರೆಗೆ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಅವಳೇ ಮಾಡಿಕೊಂಡ ನೇಮ.

ತಾಯಿ ಸ್ಟೂಲಿನ ಮೇಲೆ ಬಸ್ಸಿನ ಸೀಟಿನಲ್ಲಿ ಕೂರುವಂತೆ ನೆಟ್ಟಗೆ ಕೂತಳು. ಅಕ್ಕ ಬಾಗಿಲಿಗೆ ಒರಗಿ ನಿಂತಳು.

ಕಿರಿಮಗಳು ಓದಿದಳು: "ಹನ್ನೆರಡನೇ ವಾರ. ಕಿಟಕಿ ಕೆನ್ನೆಗೆ ಮಾಸ್ಕ್ ಮಾತ್ರ. ಪ್ಯಾಸೆಂಜರ್ ಕೆನ್ನೆಗೆ ಲೇಸರ್ ಮಾತ್ರ. ಸರಿಯೇನಮ್ಮ?"

ತಾಯಿ ಸ್ಲೇಟನ್ನು ಗದ್ದದಿಂದ ಕೆಳಗಿಳಿಸಿದಳು.

"ಅಮ್ಮಾ, ಹೌದು ಅನ್ನು."

"ಏನಂತ ಅನ್ಲಿ? ಸುಳ್ಳಿಗೆ ಹೌದು ಅನ್ನೋ ಬಾಯಿ ಅಲ್ಲ ಇದು." ತಾಯಿ ಸ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡಳು. "ಎರಡಕ್ಕೂ ಮಾಸ್ಕ್ ಹಾಕ್ಕೊಂಡಿದೀನಿ. ಆ ಕಪ್ಪು ಬಟ್ಟೆ ಎರಡನೇ ದಿನವೇ ಕಿತ್ತೆ."

"ಯಾಕಮ್ಮಾ?"

"ಕೊಟ್ಟೋನು ಎರಡು ಕೆನ್ನೆ ಕೊಟ್ಟ. ಒಂದನ್ನ ಬೆಳಕಲ್ಲಿ ಕೂರಿಸಿ ಒಂದನ್ನ ಕತ್ತಲಲ್ಲಿ ಇಡೋದಾ? ಹಿಂದಿನ ಬಾಗಿಲಲ್ಲಿ ಜನ ಹತ್ತೋ ಮುಂಚೆ ನಾನು ಯಾವತ್ತಾದ್ರೂ ಬಸ್ಸು ಎಳೆದಿದೀನಾ?"

ಅಕ್ಕ ಚಪ್ಪಾಳೆ ತಟ್ಟಿದಳು. "ಹಾಗಾದ್ರೆ ಲೇಸರ್ ಕಡೆ ಹೊಳಪೆಲ್ಲ ನನ್ನ ಮಾಸ್ಕಿಂದೇ!"

"ನೀನು ಬಾಯಿ ಮುಚ್ಕೋ," ಎಂದಳು ತಾಯಿ. "ಬರೀ ನಿಂದೇ ಆಗಿದ್ರೆ ಈ ಕಡೆ ಕಲೆ ಯಾಕೆ ಹಂಗೇ ಕೂತಿದೆ?"

ಅಕ್ಕ ಬಗ್ಗಿ ತಾಯಿಯ ಕೆನ್ನೆ ನೋಡಿದಳು. ಅದು ನಿಜ. ಕಿಟಕಿ ಕೆನ್ನೆಯಲ್ಲಿ ಕಣ್ಣಂಚಿನ ಸಣ್ಣ ಗೆರೆಗಳು ಸ್ವಲ್ಪ ಸಡಿಲಗೊಂಡಿದ್ದವು. ಕಂದು ಕಲೆಗಳು ಮಾತ್ರ ಒಂದೂ ಜಾಗ ಬಿಟ್ಟಿರಲಿಲ್ಲ.

ಕಿರಿಮಗಳು ಬಳಪ ಹಿಡಿದು ನಿಂತಳು. ಸ್ಲೇಟಿನಲ್ಲಿ ಇದ್ದದ್ದನ್ನು ಹಾಗೇ ಬಿಟ್ಟರೆ ಮಧ್ಯಾಹ್ನ ಅವಳ ಹೆಸರು ಪರದೆ ಹತ್ತುತ್ತಿತ್ತು. ಅಳಿಸಿದರೆ ಹೋಲಿಕೆಯೇ ಕೆಡುತ್ತಿತ್ತು. ಕೆಟ್ಟ ಹೋಲಿಕೆಯನ್ನು ಯಾರು ತೋರಿಸುತ್ತಾರೆ? ಅವಳು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಮನಸ್ಸಿನಲ್ಲಿ ಏನು ಬೇಡಿಕೊಂಡಳೋ ಆ ದೇವರಿಗೇ ಗೊತ್ತು. ಕಣ್ಣು ತೆರೆದವಳೇ ಅಂಗೈಯಿಂದ ಸ್ಲೇಟು ಒರೆಸಿ ಹೊಸದಾಗಿ ಬರೆದಳು.

"ಕಿಟಕಿ ಕೆನ್ನೆಗೆ ಮಾಸ್ಕ್. ಪ್ಯಾಸೆಂಜರ್ ಕೆನ್ನೆಗೆ ಲೇಸರ್, ಜೊತೆಗೆ ಮಾಸ್ಕ್. ಸರಿಯೇನಮ್ಮ?"

"ಹೌದು," ಎಂದಳು ತಾಯಿ, ಸ್ಟಾಪು ಬಂತು ಎಂದು ಕೂಗುವ ದನಿಯಲ್ಲಿ.

ಡಾಕ್ಟರು ಫೋಟೋ ನೋಡಿದರು. ಸ್ಲೇಟು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೇನಿದು?"

ಕಿರಿಮಗಳು ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರಿಗೆ ಮೊದಲು ಸಿಟ್ಟು ಬಂದದ್ದು ತಾಯಿಯ ಮೇಲೆ. "ಲೇಸರ್ ಆದ ಹಸಿ ಚರ್ಮದ ಮೇಲೆ ನಮ್ಮನ್ನ ಕೇಳದೆ ಏನನ್ನೂ ಇಡಬಾರದಮ್ಮ! ಏನಾದ್ರೂ ಹೆಚ್ಚು ಕಡಿಮೆ ಆಗಿದ್ರೆ?"

"ತಪ್ಪಾಯ್ತು ಡಾಕ್ಟ್ರಮ್ಮ. ಆ ಬುದ್ಧಿ ಹೊಳೀಲಿಲ್ಲ."

ಆಮೇಲೆ ಅವರು ಕಿರಿಮಗಳ ಕಡೆ ತಿರುಗಿದರು. "ಹನ್ನೆರಡು ವಾರದ ಕೆಲಸ. ಇನ್ನು ಮೂರು ಗಂಟೇಲಿ ಸಭೆ. ಸ್ಲೇಟು ಇಲ್ಲದೆ ಇನ್ನೊಂದು ಫೋಟೋ ತೆಗಿ."

"ಸ್ಲೇಟು ಇಲ್ಲದೆ ನಾನು ತೆಗೆಯೋದಿಲ್ಲ ಮೇಡಂ. ಬೇಕಾದ್ರೆ ಬೇರೆ ಯಾರಾದ್ರೂ ತೆಗೀಲಿ. ನನ್ನ ಹೆಸರು ಹಾಕಬೇಡಿ."

"ಹಾಗಾದ್ರೆ ಇದರಿಂದ ಏನು ಸಾಬೀತಾಯ್ತು, ನೀನೇ ಹೇಳು."

"ಮಾಸ್ಕ್ ಒಂದೇ ಏನು ಮಾಡುತ್ತೆ ಅಂತ ಗೊತ್ತಾಯ್ತು. ಸಣ್ಣ ಗೆರೆ ಇಳಿಸುತ್ತೆ, ಅದೂ ದಿನಾ ತಪ್ಪದೆ ಕೂತರೆ. ಕಲೆಗೆ ಕೈ ಹಾಕೋದಿಲ್ಲ. ಆ ಕಡೆ ಕಲೆ ಹೋಗಿರೋದು ಲೇಸರಿಂದ. ಉಳಿದದ್ದರಲ್ಲಿ ಯಾರ ಪಾಲು ಎಷ್ಟು ಅಂತ ಹೇಳೋಕೆ ಈ ಮುಖದಿಂದ ಆಗಲ್ಲ. ಅಷ್ಟು ಮಾತ್ರ ನಿಜ ಮೇಡಂ."

ಡಾಕ್ಟರು ಕನ್ನಡಕ ಹಾಕಿಕೊಂಡು ಎದ್ದುಹೋದರು.

ಸಭೆಯಲ್ಲಿ ಮೂವರೂ ಕೊನೆಯ ಸಾಲಿನಲ್ಲಿ ಕೂತರು. ಡಾಕ್ಟರು ಬೇರೆ ಹತ್ತು ಮುಖ ತೋರಿಸಿದರು. ಕಿರಿಮಗಳು ಕೈ ಮಡಿಲಲ್ಲಿಟ್ಟು ಕೂತಿದ್ದಳು. ಮುಖದಲ್ಲಿ ಬೇಸರವಿರಲಿಲ್ಲ, ಕೆಲಸ ಮುಗಿಸಿ ಕೂತವರ ನಿರಾಳವಿತ್ತು. ಕೊನೆಗೆ ಪರದೆ ಮೇಲೆ ತಾಯಿಯ ಮುಖ ಬಂತು, ಸ್ಲೇಟಿನ ಸಮೇತ, ಗೋಡೆಯಷ್ಟು ದೊಡ್ಡದಾಗಿ. ಕೆಳಗೆ ಯಾವ ಹೆಸರೂ ಇರಲಿಲ್ಲ. ಹಾಕಬೇಡಿ ಎಂದವಳು ಅವಳೇ.

"ಈ ಪರೀಕ್ಷೆ ಕೆಟ್ಟಿತು," ಎಂದರು ಡಾಕ್ಟರು. "ಹೇಗೆ ಕೆಟ್ಟಿತು ಅಂತ ಸ್ಲೇಟಲ್ಲೇ ಇದೆ, ಓದಿ."

ಜನ ಓದಿ ನಕ್ಕರು. ಮುಂದಿನ ಸಾಲಿನ ಒಬ್ಬ ವೃದ್ಧ ಡಾಕ್ಟರು ಮಾತ್ರ ನಗದೆ ಎದ್ದು ನಿಂತರು. "ನಲವತ್ತು ವರ್ಷದಿಂದ ಇಂಥ ಫೋಟೋ ನೋಡ್ತಿದೀನಿ. ಕೆಟ್ಟದ್ದನ್ನ ಕೆಟ್ಟಿತು ಅಂತ ಬರೆದಿರೋ ಮೊದಲನೇದು ಇದು. ಬರೆದೋರು ಯಾರು?"

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಕೊನೆಯ ಸಾಲಿನಿಂದ ಸ್ಟೇರಿಂಗಮ್ಮ ಎದ್ದುಬಿಟ್ಟಳು. ಇಪ್ಪತ್ತೊಂಬತ್ತು ವರ್ಷ ತುಂಬಿದ ಬಸ್ಸಿನ ಗದ್ದಲ ಸೀಳಿದ ಗಂಟಲಿಗೆ ಮೈಕು ಬೇಕಿರಲಿಲ್ಲ.

"ನನ್ನ ಮಗಳು! ಇಗೋ, ಇಲ್ಲೇ ಕೂತಿದಾಳೆ. ಏಳೇ, ಎದ್ದು ನಿಲ್ಲು!"

ಕಿರಿಮಗಳು ಸೆರಗು ಸರಿಮಾಡಿಕೊಂಡು ಎದ್ದಳು. ಸಭೆಯೇ ತಿರುಗಿ ನೋಡಿತು. ಅಕ್ಕ ಅವಳ ಮೊಣಕೈ ಚಿವುಟಿ, "ತಲೆ ಎತ್ತೇ ಪೆದ್ದಿ, ಇದೇನು ಕಳ್ಳತನವಾ?" ಎಂದಳು ಪಿಸುದನಿಯಲ್ಲಿ. ಅಕ್ಕನ ಕಣ್ಣು ತುಂಬಿತ್ತು. ಕಿರಿಮಗಳು ತಲೆಯೆತ್ತಿದಳು. ಬಳಪದ ಪುಡಿ ಇನ್ನೂ ಅಂಗೈಯಲ್ಲಿತ್ತು.

ಮೂರು ದಿನ ಕಳೆದ ಮೇಲೆ ಡಾಕ್ಟರು ತಾಯಿಯನ್ನು ಕರೆಸಿದರು. ಕ್ಲಿನಿಕ್ಕಿಗೆ ಮಧ್ಯಾಹ್ನದ ಬಿಡುವು. ಹೊರಕೋಣೆಯ ಕುರ್ಚಿಗಳೆಲ್ಲ ಖಾಲಿ. ಕಿರಿಮಗಳು ಫೋಟೋ ಬೇಕೇನೋ ಎಂದು ಕ್ಯಾಮೆರಾ ಹಿಡಿದು ಬಂದಳು. ಡಾಕ್ಟರು ಬೇಡವೆಂದು ತಲೆಯಾಡಿಸಿದರು.

"ಮತ್ತೆ ಯಾಕೆ ಮೇಡಂ?"

"ನಿಮ್ಮಮ್ಮನಿಂದ ಅರ್ಧ ಮುಖ ತಗೊಂಡೆ. ಸುಲಭದ ಅರ್ಧ ಅದು, ನೋಡಿಯೇ ಒಪ್ಪಿಕೊಂಡೆ. ಇನ್ನರ್ಧದ ಬಾಕಿ ನನ್ನ ಮೇಲಿದೆ." ಅವರು ತಾಯಿಯ ಕಡೆ ಬಾಗಿದರು. "ಈ ಸಲ ನಾನು ಹೇಳೋವರೆಗೂ ಮಾಸ್ಕ್ ಮುಟ್ಟಬಾರದು. ಎರಡು ಕಡೆಗೂ. ಆಯ್ತಾ?"

"ಎರಡು ಕಡೆಗೂ ಅಂದ್ರೆ ಆಯ್ತು," ಎಂದಳು ತಾಯಿ.

ಡಾಕ್ಟರು ತಾವೇ ಕಪ್ಪು ಕನ್ನಡಕ ತಂದು ಅವಳ ಕಣ್ಣಿಗೆ ಕಟ್ಟಿದರು. ತಲೆದಿಂಬು ಸರಿಮಾಡಿದರು. ಆಮೇಲೆ ಲೇಸರ್ ಕೈಗೆತ್ತಿಕೊಂಡು, ಕಿಟಕಿ ಕೆನ್ನೆಯಲ್ಲಿ ಕಿವಿಯ ಪಕ್ಕದ ಮೊದಲ ಕಲೆಯಿಂದ ಶುರುಮಾಡಿದರು.