ತಾಯಿಗೆ ತಂದ ಬಟ್ಟೆ

ಶನಿವಾರ ಸಂಜೆ ಮುಂಬಯಿಯ ಮುಲುಂಡಿನ ಕನ್ನಡ ಸಂಘದ ಹಾಲಿನಲ್ಲಿ ಕಾದಂಬರಿ ಓದಿಸುವುದು ಮಹಾದೇವಿ ಟೀಚರ್ ನಿವೃತ್ತಿಯಾದ ಮೇಲೆ ಹಿಡಿದ ಕೆಲಸ. ಬರುವವರಲ್ಲಿ ಅರ್ಧ ಜನಕ್ಕೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ತೊಡರುತ್ತದೆ. ಅದಕ್ಕೇ ಆಕೆ ತನ್ನ ಧಾರವಾಡದ ಕೌದಿಯನ್ನು ಪಾಠಕ್ಕೆ ಎಳೆತಂದಿದ್ದಳು. ಕಥೆಯಲ್ಲಿ ಬರುವ ಒಬ್ಬೊಬ್ಬರಿಗೂ ಮನೆಯ ಹಳೇ ಬಟ್ಟೆಯ ಒಂದು ತುಂಡು. ಯಾರ ಪಕ್ಕ ಯಾರು ಕೂಡಬೇಕೆಂದು ಮಾತಾಡಿಕೊಂಡು ಹೊಲಿಯುವುದು. ಈ ಸಲದ ಕಾದಂಬರಿ ದೂರ ದೇಶದ ಕಪ್ಪು ಜನರ ಕುಟುಂಬದ್ದು. ಬಿಳಿಯರ ಮನೆಯಲ್ಲಿ ದುಡಿಯುವ ತಾಯಿ, ಚೆದುರಿಹೋದ ಮಕ್ಕಳು.

ಅಂದು ಮಗ ನವೀನ ಚಂಪಾಳನ್ನು ಕರೆತಂದಿದ್ದ. ವಿಕ್ರೋಳಿಯಲ್ಲಿ ಅವನ ಆಫೀಸಿನವಳು, ಯಲ್ಲಾಪುರದ ಸಿದ್ದಿ ಹುಡುಗಿ. ಅವಳ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು. ಮದುವೆಯಾದರೆ ಅವಳನ್ನೇ ಎಂದು ನವೀನ ಕೂತಿದ್ದ. ತಾಯಿ ಒಪ್ಪಿರಲಿಲ್ಲ.

"ಕ್ಲಾಸಿಗೆ ಯಾರರ ಬರ್ಲಿ, ಮನೀ ಮಾತು ಬ್ಯಾರೆ," ಎಂದಿದ್ದಳು. "ಮಂದಿಗೆ ಏನಂತ ಹೇಳ್ಲಿ?"

ಚಾಪೆಯ ಮೇಲೆ ತುಂಡುಗಳು ಹರಡಿದವು. ಉಡುಪಿ ಹೋಟೆಲಿನ ಸೇವಂತಿ ಹಳೇ ಕೊಡೆಯ ಬಟ್ಟೆ ತಂದಿದ್ದಳು, ಕಾಲೇಜಿನ ಸ್ನೇಹಲ್ ಅಪ್ಪನ ಪ್ಯಾಂಟಿನದು. ಕಥೆಯ ತಾಯಿಗೆಂದು ಎಲ್ಲರೂ ತಂದದ್ದು ಕಪ್ಪನ್ನೇ. ಮಹಾದೇವಿಯದೂ ಕಪ್ಪೇ. ನವೀನ ಕೊಟ್ಟ ಪುಸ್ತಕ ಓದಿಕೊಂಡು ಬಂದಿದ್ದ ಚಂಪಾಳ ತೊಡೆಯ ಮೇಲೆ ಮಾತ್ರ ಹಳದಿ ಸೀರೆಯ ಸೆರಗು.

"ಅದು ಯಾರಿಗೆ ಮಾರಾಯ್ತಿ?" ಸೇವಂತಿ ಕೇಳಿದಳು.

"ತಾಯಿಗೆ."

"ಲೇಕಿನ್ ಅವಳು ಬ್ಲ್ಯಾಕ್ ಅಲ್ವಾ? ಬುಕ್‌ನಲ್ಲಿ ಹಾಗೇ ಇದೆ ನಾ," ಎಂದಳು ಸ್ನೇಹಲ್.

"ಹಾಗೆ ಅನ್ನೋದು ಅವಳ ಯಜಮಾನಿ," ಚಂಪಾ ಮೆಲ್ಲಗೆ ಹೇಳಿದಳು. "ಮಕ್ಕಳು ಒಮ್ಮೆನೂ ಅನ್ನೋದಿಲ್ಲ. ಜ್ವರ ಬಂದಾಗ ಸಣ್ಣವನು ಅವ್ವನ ಹಳದಿ ಲಂಗ ಹಿಡ್ಕೊಂಡೇ ಮಲಗ್ತಾನಲ್ಲ, ಅದಕ್ಕೆ ಇದನ್ನ ತಂದೆ."

ಮಹಾದೇವಿ ಪುಟ ತಿರುವಿದಳು. ಇತ್ತು. ಈ ಸಾಲನ್ನು ಹೋದ ವಾರ ತಾನೇ ಗಟ್ಟಿಯಾಗಿ ಓದಿದ್ದಳು. ಕಣ್ಣು ನೋಡಿತ್ತು, ಬಾಯಿ ಆಡಿತ್ತು, ಒಳಗೆ ಏನೂ ಇಳಿದಿರಲಿಲ್ಲ.

"ಹಾಗಾದ್ರೆ ನಾವೆಲ್ಲ ಯಜಮಾನಿಯ ಪಾರ್ಟಿ," ಎಂದು ಸೇವಂತಿ ನಕ್ಕು, ತನ್ನ ಕೊಡೆಯ ತುಂಡನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಚಂಪಾಳ ಗುಂಗುರು ಕೂದಲನ್ನೇ ನೋಡುತ್ತ, "ಇವರನ್ನು ಈ ಪುಸ್ತಕಕ್ಕೆ ಅಂತಲೇ ಕರೆಸಿದ್ದಾ ಟೀಚರ್?" ಎಂದಳು. ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಚಂಪಾ ತಲೆ ತಗ್ಗಿಸಿದಳು. ಇಂಥ ಪ್ರಶ್ನೆ ಅವಳಿಗೆ ಹೊಸದಲ್ಲವೆಂದು ಆ ಕತ್ತೇ ಹೇಳುತ್ತಿತ್ತು.

ಬಾಗಿಲ ಬಳಿ ನಿಂತಿದ್ದ ನವೀನ, "ಅಲ್ರೀ, ನಮ್ಮ ಆಫೀಸ್‌ನ್ಯಾಗ..." ಎಂದು ತೊದಲಿದ.

ಮಹಾದೇವಿ ಸೆರಗಿನ ಮೇಲಿಂದಲೇ ಎದೆಯ ಲಿಂಗವನ್ನು ಮುಟ್ಟಿಕೊಂಡಳು.

"ಪುಸ್ತಕಕ್ಕಲ್ಲ ಸೇವಂತಿ," ಎಂದಳು. "ನಮ್ಮ ನವೀನ ಲಗ್ನ ಆಗೂ ಹುಡಿಗಿ. ನಮ್ಮ ಮನೀಗೆ ಬರಾಕಿ."

ಮಾತು ಆಡಿದ ಮೇಲೆ ಆಕೆ ಸೂಜಿ ಕೈಗೆತ್ತಿಕೊಂಡಳು. ಎರಡು ಸಲ ಒದ್ದೆ ಮಾಡಿಕೊಂಡರೂ ದಾರ ಸೂಜಿಗೆ ಏರಲಿಲ್ಲ. ಚಂಪಾ ಎದ್ದುಬಂದು, ಸೂಜಿ ಇಸಿದುಕೊಂಡು, ದಾರ ಏರಿಸಿ, ಅತ್ತೆಯ ಕೈಗೆ ಕೊಟ್ಟಳು.